ಎನ್‌ಜಿಒದಲ್ಲಿ ಟೆಕ್ನಾಲಜಿ ಯಾರ ಕೈಯಲ್ಲಿರಬೇಕು? ಐದು ದಾರಿಗಳ ಹೋಲಿಕೆ

ನಾನು ಹಿಂದೆ ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲಿ ಒಂದು ಸೋಮವಾರ ಬೆಳಗ್ಗೆ ಯಾರಿಗೂ ಇಮೇಲ್ ಬರಲಿಲ್ಲ. ಇಂಟರ್‌ನೆಟ್ ಕೈಕೊಟ್ಟಿದೆ ಅಂದುಕೊಂಡು ರೌಟರ್ ಆಫ್ ಮಾಡಿ ಆನ್ ಮಾಡಿದೆವು. ಹತ್ತೂವರೆ ಹೊತ್ತಿಗೆ ದಾನಿಯೊಬ್ಬರು ಫೋನ್ ಮಾಡಿ, "ನಿಮ್ಮ ವೆಬ್‌ಸೈಟ್ ತೆರೆದರೆ ಯಾವುದೋ ಜಾಹೀರಾತು ಬರುತ್ತಿದೆಯಲ್ಲಾ" ಅಂದರು. ಆಗ ಗೊತ್ತಾಯಿತು, ನಮ್ಮ ಡೊಮೇನ್, ಅಂದರೆ ವೆಬ್‌ಸೈಟ್ ಮತ್ತು ಇಮೇಲ್ ಎರಡಕ್ಕೂ ಬಳಸುವ ಇಂಟರ್‌ನೆಟ್ ವಿಳಾಸದ ಹೆಸರು, ಅದರ ಅವಧಿ ಮುಗಿದುಹೋಗಿದೆ.

ಡೊಮೇನ್ ಇದ್ದದ್ದು ನಾಲ್ಕು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟ ಸ್ವಯಂಸೇವಕನ ಹೆಸರಲ್ಲಿ. ಅವನು ಕಾಲೇಜು ಮುಗಿಸಿ ಬೇರೆಲ್ಲೋ ಹೋಗಿದ್ದ. ಪಾಪ, ಅವನದೇನೂ ತಪ್ಪಿಲ್ಲ. ಡಾಟ್ ಕಾಮ್, ಡಾಟ್ ಆರ್ಗ್ ತರಹದ ಹೆಸರುಗಳಿಗೆ ಇಂಥ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮವೇ ಇದೆ: ಹೆಸರು ನೋಂದಾಯಿಸಿಕೊಟ್ಟ ಕಂಪನಿ, ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮುಂಚೆ ಒಂದು ನೋಟಿಸ್, ಒಂದು ವಾರ ಮುಂಚೆ ಇನ್ನೊಂದು, ಮುಗಿದ 5 ದಿನದೊಳಗೆ ಮತ್ತೊಂದು ಕಳಿಸಬೇಕು. ಮೂರೂ ಬಂದಿದ್ದವು, ಅವನು ನೋಡುವುದನ್ನೇ ಬಿಟ್ಟಿದ್ದ ಹಳೆಯ ಇಮೇಲ್‌ಗೆ. ಡೊಮೇನ್ ಅಳಿಸಿಹಾಕಿದ ಮೇಲೂ ಅದನ್ನು ವಾಪಸ್ ಪಡೆಯಲು 30 ದಿನ ಸಮಯ ಇರುತ್ತದೆ. ನಮ್ಮ ಪುಣ್ಯ, ಅಲ್ಲಿಯವರೆಗೆ ಹೋಗಲಿಲ್ಲ. ಆದರೂ ಅವನ ಫೋನ್ ನಂಬರ್ ಹುಡುಕುವಷ್ಟರಲ್ಲಿ ಎರಡು ದಿನ ಹೋಯಿತು. ನವೀಕರಣ ಮಾಡಲು ಹಿಡಿದದ್ದು ಐದು ನಿಮಿಷ.

ಆ ಆಫೀಸಿನಲ್ಲಿ ಕಂಪ್ಯೂಟರ್ ಚೆನ್ನಾಗಿ ಗೊತ್ತಿದ್ದವರು ಆರು ಜನ ಇದ್ದರು. ಡೊಮೇನ್ ತನ್ನ ಹೊಣೆ ಅಂದುಕೊಂಡವರು ಒಬ್ಬರೂ ಇರಲಿಲ್ಲ. ಹಾಗಾಗಿ "ನಮಗೆ ಟೆಕ್ನಾಲಜಿ ಗೊತ್ತಿರುವವರು ಬೇಕು" ಅಂತ ಯಾವುದಾದರೂ ಸಂಸ್ಥೆಯವರು ಹೇಳಿದಾಗ ನನಗೆ ಸ್ವಲ್ಪ ಅನುಮಾನ. ಗೊತ್ತಿರುವವರು ಬೇಕೋ, ತೀರ್ಮಾನ ಮಾಡುವವರು ಬೇಕೋ? ಪ್ರಿಂಟರ್ ಸರಿ ಮಾಡುವುದು ಒಂದು ಕೆಲಸ. ಈ ವರ್ಷ ಪ್ರಿಂಟರ್‌ಗೆ ದುಡ್ಡು ಹಾಕಬೇಕೋ, ದಾನಿಗಳ ಪಟ್ಟಿ ಇಡುವ ಸಾಫ್ಟ್‌ವೇರ್‌ಗೆ ಹಾಕಬೇಕೋ ಅನ್ನುವುದು ಬೇರೆಯೇ ಕೆಲಸ. ಮೊದಲನೆಯದನ್ನು ಮಾಡಿಕೊಡುವವರು ಹೊರಗೆ ಸಿಗುತ್ತಾರೆ. ಎರಡನೆಯದು ಸಂಸ್ಥೆಯೊಳಗೇ ಬೆಳೆಯಬೇಕು.

ಇದಕ್ಕೆ ಸಾಮಾನ್ಯವಾಗಿ ಐದು ದಾರಿ. ಇರುವವರಲ್ಲೇ ಒಬ್ಬರನ್ನು ಬೆಳೆಸುವುದು, ಪೂರ್ಣಾವಧಿಗೆ ಒಬ್ಬರನ್ನು ತೆಗೆದುಕೊಳ್ಳುವುದು, ನಾಲ್ಕಾರು ಸಂಸ್ಥೆ ಸೇರಿ ಒಬ್ಬರನ್ನು ಹಂಚಿಕೊಳ್ಳುವುದು, ಹೊರಗಿನ ಕಂಪನಿಗೆ ಗುತ್ತಿಗೆ ಕೊಡುವುದು, ಸ್ವಯಂಸೇವಕರನ್ನು ನೆಚ್ಚಿಕೊಳ್ಳುವುದು. ಎಲ್ಲರೂ ಖರ್ಚಿನಿಂದಲೇ ಹೋಲಿಕೆ ಶುರು ಮಾಡುತ್ತಾರೆ. ನಾನು ಮೂರು ಪ್ರಶ್ನೆ ಮೊದಲು ಕೇಳುತ್ತೇನೆ. ಆ ವ್ಯಕ್ತಿ ನಾಳೆಯಿಂದ ಬರದಿದ್ದರೆ ಏನೇನು ನಿಲ್ಲುತ್ತದೆ? "ಇದು ನಮಗೆ ಬೇಡ" ಅನ್ನುವ ಅಧಿಕಾರ ಅವರಿಗಿದೆಯಾ? ನಮ್ಮ ಸಂಸ್ಥೆ ದಿನಾ ಏನು ಮಾಡುತ್ತದೆ ಅಂತ ಅವರಿಗೆ ಗೊತ್ತಾ? ಖರ್ಚಿನ ಮಾತು ಆಮೇಲೆ.

ಇರುವವರಲ್ಲೇ ಒಬ್ಬರನ್ನು ಬೆಳೆಸುವುದು

ಸಣ್ಣ ಸಂಸ್ಥೆಗಳಲ್ಲಿ ಇದು ತಾನಾಗಿಯೇ ಆಗಿರುತ್ತದೆ. ಯಾರೋ ಒಬ್ಬರು ಒಂದು ದಿನ ಪ್ರೊಜೆಕ್ಟರ್ ಸರಿ ಮಾಡಿರುತ್ತಾರೆ, ಅಂದಿನಿಂದ ಅವರೇ ಕಂಪ್ಯೂಟರ್‌ನವರು. ಇಂಗ್ಲಿಷ್‌ನಲ್ಲಿ ಇವರಿಗೆ 'ಆ್ಯಕ್ಸಿಡೆಂಟಲ್ ಟೆಕ್ಕಿ' ಅಂತ ಹೆಸರೇ ಬಿದ್ದಿದೆ.

ನಮ್ಮಲ್ಲಿ ಆ ಪಾತ್ರ ಲೆಕ್ಕಪತ್ರ ನೋಡುವ ಅಕ್ಕನ ಪಾಲಿಗೆ ಬಂದಿತ್ತು. ಅವರ ಮೇಜಿನ ಡ್ರಾಯರ್‌ನಲ್ಲಿ ಗೆರೆ ಹಾಕಿದ ಒಂದು ನೋಟ್‌ಬುಕ್. ಮುಂದಿನಿಂದ ಓಚರ್ ನಂಬರ್‌ಗಳು, ಹಿಂದಿನಿಂದ ಪಾಸ್‌ವರ್ಡ್‌ಗಳು. ಹೊಡೆದುಹಾಕಿದ್ದು, ಮತ್ತೆ ಬರೆದದ್ದು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಹಳೇದು ಅಲ್ಲ". "ಅಕ್ಕಾ, ಒಂದ್ನಿಮಿಷ ಬನ್ನಿ" ಅಂತ ಯಾರಾದರೂ ಕರೆದಾಗಲೆಲ್ಲ ಒಂದು ಹಾಳೆಯಲ್ಲಿ ಗೆರೆ ಎಳೆಯಲು ಶುರು ಮಾಡಿದರು. ಸಿಟ್ಟಿಗೇ ಮಾಡಿದ್ದು. ಒಂದು ವಾರಕ್ಕೆ 41 ಗೆರೆ ಆಯಿತು. ಆ ಹಾಳೆಯನ್ನು ನಿರ್ದೇಶಕರ ಮುಂದಿಟ್ಟರು. ಏನೂ ಮಾತಾಡಲಿಲ್ಲ, ಸುಮ್ನೆ ಇಟ್ಟರು ಅಷ್ಟೇ.

ಅದರಿಂದ ಮೂರು ಬದಲಾವಣೆ ಆಯಿತು. ವಾರಕ್ಕೆ ಒಂದೂವರೆ ದಿನ ಇದೇ ಕೆಲಸಕ್ಕೆ ಅಂತ ಬರೆದುಕೊಟ್ಟರು. ಕಂಪ್ಯೂಟರ್, ಸಾಫ್ಟ್‌ವೇರ್ ಯಾವುದೇ ಖರೀದಿಯ ಮಾತು ಬಂದರೂ ಅವರು ಆ ಸಭೆಯಲ್ಲಿ ಕೂರಬೇಕು ಅಂತಾಯಿತು. ಸಹಾಯ ಕೇಳುವವರು ದಿನಕ್ಕೆ ಎರಡು ಹೊತ್ತು, ಗೊತ್ತಾದ ಸಮಯದಲ್ಲಿ ಮಾತ್ರ ಕೇಳಬೇಕು ಅಂತ ಕೂಡ. ಒಂದು ವಿಷಯ ಮಾತ್ರ ಎಡವಟ್ಟಾಯಿತು. ಮೊದಲ ಮೂರು ತಿಂಗಳು ಅವರ ಲೆಕ್ಕದ ಕೆಲಸವನ್ನು ಯಾರೂ ಕಡಿಮೆ ಮಾಡಲಿಲ್ಲ. ಹೊಸ ಹೊಣೆ ಕೊಟ್ಟು ಹಳೆಯದನ್ನು ಇಳಿಸದಿದ್ದರೆ ಅದು ಬಡ್ತಿಯಲ್ಲ, ಶಿಕ್ಷೆ. ಈ ದಾರಿ ಹಿಡಿಯುವ ಸಂಸ್ಥೆಗಳಲ್ಲಿ ಅರ್ಧಕ್ಕರ್ಧ ಮುಗ್ಗರಿಸುವುದು ಇಲ್ಲೇ ಅಂತ ನನ್ನ ಅನಿಸಿಕೆ.

ಇನ್ನೊಂದು ತಪ್ಪು ತರಬೇತಿಯದು. ಇಂಥವರನ್ನು ನೆಟ್‌ವರ್ಕಿಂಗ್ ಕೋರ್ಸ್‌ಗೆ, ಇಲ್ಲವೇ ಪ್ರೋಗ್ರಾಮಿಂಗ್ ಕಲಿಯಲು ಕಳಿಸುತ್ತಾರೆ. ನಮ್ಮ ಅಕ್ಕನಿಗೆ ಬೇಕಿದ್ದದ್ದು ಅದಲ್ಲ. ಮೂರು ವರ್ಷದ ಟೆಕ್ನಾಲಜಿ ಬಜೆಟ್ ಬರೆಯುವುದು ಹೇಗೆ, ಕಂಪನಿ ಕೊಟ್ಟ ಒಪ್ಪಂದದಲ್ಲಿ ಯಾವ ಪ್ಯಾರಾ ಮೊದಲು ಓದಬೇಕು, ಐದು ಜನ ಐದು ಸಾಫ್ಟ್‌ವೇರ್ ಕೇಳಿದರೆ ಸಭೆಯನ್ನು ಒಂದು ತೀರ್ಮಾನಕ್ಕೆ ತರುವುದು ಹೇಗೆ, ಇದು. ಅಮೆರಿಕದ ಎನ್‌ಟೆನ್ ಅನ್ನುವ ಸಂಸ್ಥೆ 2000ದಿಂದ ಇದೇ ಕೆಲಸದಲ್ಲಿದೆ. ಎನ್‌ಜಿಒಗಳಲ್ಲಿ ತಂತ್ರಜ್ಞಾನ ನೋಡಿಕೊಳ್ಳುವವರಿಗೆ ಆನ್‌ಲೈನ್ ಕೋರ್ಸ್, ಸರ್ಟಿಫಿಕೇಟ್, ವಾರ್ಷಿಕ ಸಮ್ಮೇಳನ ಎಲ್ಲ ನಡೆಸುತ್ತದೆ. ನಮ್ಮ ಸಂಸ್ಥೆ ಎಲ್ಲಿ ಹಿಂದಿದೆ ಅಂತ ನಾವೇ ಅಳೆದು ನೋಡಿಕೊಳ್ಳಲು 'ಟೆಕ್ ಆ್ಯಕ್ಸಲರೇಟ್' ಅನ್ನುವ ಉಚಿತ ಪ್ರಶ್ನಾವಳಿಯೂ ಅವರಲ್ಲಿದೆ. ಕೋರ್ಸ್‌ಗಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಮಾತ್ರ ಬೇರೆ: ಪಕ್ಕದ ಇನ್ನೊಂದು ಸಂಸ್ಥೆಯಲ್ಲಿ ಇದೇ ಕೆಲಸ ಮಾಡುವವರೊಬ್ಬರ ಜೊತೆ ತಿಂಗಳಿಗೊಮ್ಮೆ ಮಾತು. "ನಿಮ್ಮಲ್ಲೂ ಹೀಗೇನಾ?" ಅಂತ ಕೇಳಲು ಒಬ್ಬರು ಸಿಕ್ಕರೆ ಅರ್ಧ ಭಾರ ಇಳಿದಂತೆ.

ಮೂರು ಪ್ರಶ್ನೆಗೆ ಈ ದಾರಿ ಹೇಗೆ ನಿಲ್ಲುತ್ತದೆ? ಸಂಸ್ಥೆಯ ಕೆಲಸ ಇವರಿಗೆ ಅಂಗೈ ಗೆರೆಯಷ್ಟು ಗೊತ್ತು. ಬೇಡ ಅನ್ನುವ ಅಧಿಕಾರ ಕೊಟ್ಟರೆ ಇದೆ, ಕೊಡದಿದ್ದರೆ ಇಲ್ಲ. ನಾಳೆ ಬರದಿದ್ದರೆ ಅನ್ನುವುದಕ್ಕೆ ಉತ್ತರ ಆ ನೋಟ್‌ಬುಕ್‌ನಲ್ಲಿದೆ. ಅದು ಪಾಸ್‌ವರ್ಡ್ ಮ್ಯಾನೇಜರ್‌ಗೆ ಹೋಗಿ, ಇನ್ನೊಬ್ಬರಿಗೂ ಕೀಲಿ ಸಿಗುವವರೆಗೆ ಉತ್ತರ ಚೆನ್ನಾಗಿರುವುದಿಲ್ಲ.

ಪೂರ್ಣಾವಧಿಗೆ ಒಬ್ಬರನ್ನು ತೆಗೆದುಕೊಳ್ಳುವುದು

ದುಡ್ಡಿದ್ದರೆ ಇದೇ ಸರಿ ಅಂತ ಕಾಣುತ್ತದೆ. ಯಾವಾಗಲೂ ಸರಿಯಲ್ಲ.

ಸಂಬಳದ ವಿಷಯ ಎಲ್ಲರಿಗೂ ಗೊತ್ತು, ಐಟಿ ಕಂಪನಿ ಕೊಡುವಷ್ಟು ಎನ್‌ಜಿಒ ಕೊಡಲಾಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಎಂಥವರನ್ನು ತೆಗೆದುಕೊಳ್ಳುತ್ತೇವೆ ಅನ್ನುವುದು. ಕೋಡ್ ಬರೆಯುವುದರಲ್ಲಿ ನಿಪುಣರಾದವರು ಬಂದರೆ ಅವರ ಕೈ ಸುಮ್ಮನಿರುವುದಿಲ್ಲ. ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವುದನ್ನೂ ತಾವೇ ಕಟ್ಟಲು ಹೊರಡುತ್ತಾರೆ. ದಾನಿಗಳ ದಾಖಲೆಗೆ ಸಿವಿಸಿಆರ್‌ಎಂ ಇದೆ, ಊರೂರಿಗೆ ಹೋಗಿ ಸಮೀಕ್ಷೆ ಮಾಡುವವರಿಗೆ ಒಡಿಕೆ ಇದೆ, ಕೋಬೊಟೂಲ್‌ಬಾಕ್ಸ್ ಇದೆ. ಇವೆಲ್ಲ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್), ಎಷ್ಟೋ ಸಂಸ್ಥೆಗಳು ವರ್ಷಗಟ್ಟಲೆ ಬಳಸಿ ಪಳಗಿಸಿದವು. ಇವನ್ನು ಬಿಟ್ಟು ಒಬ್ಬರೇ ಕೂತು ಎರಡು ವರ್ಷ ಬರೆದ ಸಾಫ್ಟ್‌ವೇರ್, ಅವರು ಕೆಲಸ ಬಿಟ್ಟ ದಿನ ಅನಾಥ. ಮೊದಲ ಪ್ರಶ್ನೆಯಲ್ಲೇ ನಪಾಸು.

ಹಾಗಾಗಿ ಸಂದರ್ಶನದಲ್ಲಿ ನಾನು ಕೇಳುವ ಪ್ರಶ್ನೆ ಒಂದೇ: "ನೀವು ಯಾವುದನ್ನು ಕಟ್ಟದೆ ಬಿಟ್ಟಿದ್ದೀರಿ? ಯಾಕೆ?" ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ನಿಭಾಯಿಸುತ್ತಾರೆ. ಅವರು ಯಾರ ಕೈಕೆಳಗೆ ಕೆಲಸ ಮಾಡುತ್ತಾರೆ ಅನ್ನುವುದನ್ನೂ ನೋಡಿ. ಕಚೇರಿ ನಿರ್ವಹಣೆಯವರ ಕೆಳಗೆ ಹಾಕಿದರೆ ಆರು ತಿಂಗಳಲ್ಲಿ ಅವರು ಟೋನರ್ ತರಿಸುವವರಾಗುತ್ತಾರೆ. ನಿರ್ದೇಶಕರ ಜೊತೆ ನೇರ ಮಾತಿರಬೇಕು.

ಹಂಚಿಕೊಳ್ಳುವುದು

ನನಗೆ ತುಂಬಾ ಇಷ್ಟವಾದ ದಾರಿ ಇದು. ಕಾಣಸಿಗುವುದು ಮಾತ್ರ ಅಪರೂಪ.

1990ರ ದಶಕದಲ್ಲಿ ಅಮೆರಿಕದಲ್ಲಿ 'ಸರ್ಕ್ಯೂಟ್ ರೈಡರ್' ಅನ್ನುವವರು ಹುಟ್ಟಿಕೊಂಡರು. ಕುದುರೆ ಏರಿ ಊರಿಂದೂರಿಗೆ ಸುತ್ತುತ್ತಿದ್ದ ಹಳೆಯ ಕಾಲದ ಧರ್ಮಬೋಧಕರಿಗೆ ಇದ್ದ ಹೆಸರು ಅದು. ಇವರು ಎನ್‌ಜಿಒಯಿಂದ ಎನ್‌ಜಿಒಗೆ ಸುತ್ತಿ ಕಂಪ್ಯೂಟರ್, ಇಮೇಲ್ ಕಲಿಸುತ್ತಿದ್ದರು. ಒಂದೊಂದು ಸಂಸ್ಥೆಗೆ ಒಬ್ಬೊಬ್ಬರನ್ನು ಇಡುವಷ್ಟು ದುಡ್ಡು ಎಲ್ಲೂ ಇರಲಿಲ್ಲವಲ್ಲ. ಆಮೇಲೆ ಬ್ರಿಟನ್‌ನಲ್ಲೂ ಈ ಪದ್ಧತಿ ಬೇರೂರಿತು. ಎನ್‌ಟೆನ್‌ನ ಬೇರು ಕೂಡ ಇದರಲ್ಲೇ ಇದೆ.

ಈಗ ಇದನ್ನು ಹೀಗೆ ಮಾಡಬಹುದು: ಒಂದೇ ತರಹದ ಕೆಲಸ ಮಾಡುವ ನಾಲ್ಕು ಸಂಸ್ಥೆ ಸೇರಿ ಅನುಭವ ಇರುವ ಒಬ್ಬರನ್ನು ತೆಗೆದುಕೊಳ್ಳುವುದು, ವಾರಕ್ಕೆ ಒಂದೊಂದು ದಿನ. ನಾಲ್ಕೂ ಕಡೆಯ ಎಡವಟ್ಟು ನೋಡಿರುವುದರಿಂದ ಐದನೆಯದನ್ನು ಅವರು ದೂರದಿಂದಲೇ ಗುರುತಿಸುತ್ತಾರೆ. ಒಬ್ಬರಿಗೇ ಕೊಡಲಾಗದ ಸಂಬಳವನ್ನು ನಾಲ್ವರು ಸೇರಿ ಕೊಡಬಹುದು. ಕಷ್ಟ ಏನು ಅಂದರೆ, ಅವರು ಬರುವುದು ಮಂಗಳವಾರ, ಸರ್ವರ್ ಕೆಡುವುದು ಗುರುವಾರ. ಒಂದು ಸಂಸ್ಥೆಗೆ ದೊಡ್ಡ ಪ್ರಾಜೆಕ್ಟ್ ಬಂತು ಅಂದರೆ ಉಳಿದ ಮೂರರ ದಿನಗಳು ಮೆಲ್ಲಗೆ ಅತ್ತ ಸರಿಯುತ್ತವೆ. ಯಾರ ದಿನ ಯಾವುದು, ತುರ್ತು ಅಂದರೆ ಏನು, ಯಾರಾದರೂ ಹೊರಗೆ ಹೋಗುವುದಾದರೆ ಎಷ್ಟು ತಿಂಗಳು ಮುಂಚೆ ಹೇಳಬೇಕು, ಈ ಮೂರನ್ನು ಮೊದಲೇ ಕಾಗದದ ಮೇಲೆ ಹಾಕದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ.

ಕಂಪನಿಗೆ ಗುತ್ತಿಗೆ ಕೊಡುವುದು

ಬ್ಯಾಕಪ್, ಆ್ಯಂಟಿವೈರಸ್, ಹೊಸಬರು ಬಂದಾಗ ಲ್ಯಾಪ್‌ಟಾಪ್ ಸಿದ್ಧ ಮಾಡುವುದು ಇಂಥದ್ದಕ್ಕೆಲ್ಲ ಕಂಪನಿಯೇ ವಾಸಿ. ಒಬ್ಬರು ರಜೆ ಹೋದರೆ ಇನ್ನೊಬ್ಬರು ಫೋನ್ ಎತ್ತುತ್ತಾರೆ. ಮೊದಲ ಪ್ರಶ್ನೆಯಲ್ಲಿ ಇವರಿಗೇ ಜಾಸ್ತಿ ಅಂಕ.

ಆದರೆ ಏನು ಕೊಳ್ಳಬೇಕು ಅನ್ನುವ ತೀರ್ಮಾನವನ್ನು ಅವರಿಗೇ ಬಿಟ್ಟರೆ, ಅವರು ಮಾರುವುದೇ ನಮಗೆ ಬೇಕಾದದ್ದಾಗಿ ಕಾಣುತ್ತದೆ. ಇದರಲ್ಲಿ ಮೋಸವೇನೂ ಇರಬೇಕಾಗಿಲ್ಲ, ಅವರ ವ್ಯಾಪಾರವೇ ಅದು.

ಮಾಹಿತಿಯ ಹೊಣೆಯೂ ಗುತ್ತಿಗೆಗೆ ಹೋಗುವುದಿಲ್ಲ. ಎನ್‌ಜಿಒಗಳಿಗೇ ಸಾಫ್ಟ್‌ವೇರ್ ಮಾರುವ ಬ್ಲ್ಯಾಕ್‌ಬಾಡ್ ಕಂಪನಿಯ ಮೇಲೆ 2020ರಲ್ಲಿ ರ್‍ಯಾನ್ಸಮ್‌ವೇರ್ ದಾಳಿ, ಅಂದರೆ ಮಾಹಿತಿಯನ್ನು ಒತ್ತೆ ಇಟ್ಟುಕೊಂಡು ಹಣ ಕೇಳುವ ದಾಳಿ, ನಡೆಯಿತು. ಅದರ 13,000ಕ್ಕೂ ಹೆಚ್ಚು ಗ್ರಾಹಕ ಸಂಸ್ಥೆಗಳ ಮಾಹಿತಿ ದಾಳಿಕೋರರ ಕೈಗೆ ಸಿಕ್ಕಿತು. 2023ರ ಅಕ್ಟೋಬರ್‌ನಲ್ಲಿ ಕಂಪನಿ ಅಮೆರಿಕದ ರಾಜ್ಯಗಳಿಗೆ 4.95 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಮುಂದಿನ ವರ್ಷ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪಗಳಲ್ಲಿ ಒಂದು ನನ್ನ ತಲೆಯಲ್ಲಿ ಉಳಿದಿದೆ: ಬಿಟ್ಟುಹೋದ ಗ್ರಾಹಕರ ಮಾಹಿತಿಯನ್ನೂ ಕಂಪನಿ ವರ್ಷಗಟ್ಟಲೆ ಅಳಿಸದೆ ಇಟ್ಟುಕೊಂಡಿತ್ತು. ಅಂದರೆ ಒಪ್ಪಂದ ಮುಗಿಸಿ ಹೋದ ಸಂಸ್ಥೆಯ ದಾನಿಗಳ ವಿವರವೂ ಅಲ್ಲೇ ಬಿದ್ದಿತ್ತು. ದಾನಿಗಳಿಗೆ ಪತ್ರ ಬರೆದು ಆದದ್ದನ್ನು ತಿಳಿಸಬೇಕಾದವರು ಯಾರು? ಆ ಸಂಸ್ಥೆಗಳೇ.

ಹಾಗಾಗಿ ಒಪ್ಪಂದವನ್ನು ನಾನು ಹಿಂದಿನಿಂದ ಓದುತ್ತೇನೆ. ಬಿಡುವಾಗ ನಮ್ಮ ಮಾಹಿತಿ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ? ಅವರಲ್ಲಿರುವ ಪ್ರತಿ ಯಾವಾಗ ಅಳಿಸುತ್ತಾರೆ, ಅಳಿಸಿದ್ದಕ್ಕೆ ಬರಹದಲ್ಲಿ ಏನು ಕೊಡುತ್ತಾರೆ? ಅಡ್ಮಿನ್ ಖಾತೆ ಯಾರ ಹೆಸರಲ್ಲಿರುತ್ತದೆ? ಈ ಮೂರನೆಯದಕ್ಕೆ "ನಾವೇ ಇಟ್ಟುಕೊಳ್ಳುತ್ತೇವೆ, ನಿಮಗ್ಯಾಕೆ ತೊಂದರೆ" ಅನ್ನುವ ಉತ್ತರ ಬಂದರೆ ಎದ್ದು ಬನ್ನಿ.

ಸ್ವಯಂಸೇವಕರು, ಮತ್ತು ಬಿಟ್ಟಿ ಸಿಗುವುದೆಲ್ಲ

ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಮಾತಿದೆಯಲ್ಲ, ಎನ್‌ಜಿಒಗಳ ಸಾಫ್ಟ್‌ವೇರ್ ಪಟ್ಟಿ ನೋಡಿದರೆ ನೆನಪಾಗುವುದು ಅದೇ. ಉಚಿತ ಪರವಾನಗಿ ಸಿಗುತ್ತದೆ ಅಂತ ತೆಗೆದುಕೊಂಡದ್ದು, ಯಾರೂ ತೆರೆಯದ್ದು.

ಸ್ವಯಂಸೇವಕರ ನೆರವು ಕೆಟ್ಟದ್ದು ಅಂತಲ್ಲ. ಇವತ್ತು ಎನ್‌ಜಿಒಗಳಿಗೆ ರಿಯಾಯಿತಿ ಸಾಫ್ಟ್‌ವೇರ್ ಕೊಡಿಸುವ ಟೆಕ್‌ಸೂಪ್ ಶುರುವಾದದ್ದೇ 1987ರಲ್ಲಿ ಕಂಪ್ಯುಮೆಂಟರ್ ಅನ್ನುವ ಹೆಸರಲ್ಲಿ, ಕಂಪ್ಯೂಟರ್ ಗೊತ್ತಿರುವ ಸ್ವಯಂಸೇವಕರನ್ನು ಸಂಸ್ಥೆಗಳಿಗೆ ಜೋಡಿಸುವ ಕೆಲಸವಾಗಿ. ಆರಂಭ ಮತ್ತು ಕೊನೆ ಎರಡೂ ಗೊತ್ತಿರುವ ಕೆಲಸಕ್ಕೆ ಸ್ವಯಂಸೇವಕರು ಬಹಳ ಚೆನ್ನ. ಭದ್ರತೆ ಪರೀಕ್ಷೆ ಮಾಡಿಸಿ, ಎರಡು ಸಾಫ್ಟ್‌ವೇರ್‌ಗಳಲ್ಲಿ ಯಾವುದು ವಾಸಿ ಅಂತ ಅಭಿಪ್ರಾಯ ಕೇಳಿ, ಸಿಬ್ಬಂದಿಗೆ ಒಂದು ದಿನದ ತರಬೇತಿ ಕೊಡಿಸಿ. ದಿನಾ ನಡೆಯಲೇಬೇಕಾದದ್ದನ್ನು ಅವರ ಮೇಲೆ ನಿಲ್ಲಿಸಬೇಡಿ. ನಮ್ಮ ಡೊಮೇನ್ ಕಥೆ ನೋಡಿದಿರಲ್ಲ.

ಉಚಿತ ಸಾಫ್ಟ್‌ವೇರ್‌ನ ಷರತ್ತು ಕೊಡುವವರ ಕೈಯಲ್ಲಿರುತ್ತದೆ. ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂನ 10 ಪರವಾನಗಿ ಎನ್‌ಜಿಒಗಳಿಗೆ ಉಚಿತವಾಗಿ ಸಿಗುತ್ತಿತ್ತು. 2025ರ ಜುಲೈನಿಂದ ಕಂಪನಿ ಅದನ್ನು ನಿಲ್ಲಿಸಿತು. ಕಡಿಮೆ ಸೌಲಭ್ಯದ ಬೇಸಿಕ್ ಆವೃತ್ತಿಯನ್ನು ಉಚಿತವಾಗಿ ಉಳಿಸಿ, ಉಳಿದದ್ದಕ್ಕೆ ರಿಯಾಯಿತಿ ದರ ಇಟ್ಟಿತು. ಬಜೆಟ್‌ನಲ್ಲಿ ಆ ಸಾಲಿಗೆ ಸೊನ್ನೆ ಬರೆದಿದ್ದವರು ಪರದಾಡಿದರು. ಉಚಿತವಾಗಿ ಸಿಗುವುದಕ್ಕೂ ಅದರ ಪೂರ್ತಿ ಬೆಲೆಯನ್ನು ಪಕ್ಕದ ಕಾಲಂನಲ್ಲಿ ಬರೆದಿಡಿ.

ಯಾರಿಗೆ ಯಾವುದು

ಹತ್ತು ಹದಿನೈದು ಜನರ ಸಂಸ್ಥೆಯಾದರೆ ನನ್ನ ಉತ್ತರ ಒಂದೇ: ಒಳಗಿನ ಒಬ್ಬರಿಗೆ ಬರಹದಲ್ಲಿ ಹೊಣೆ, ವಾರಕ್ಕೆ ಕನಿಷ್ಠ ಒಂದು ದಿನ, ಜೊತೆಗೆ ಸಣ್ಣ ಗುತ್ತಿಗೆ. ಮೂವತ್ತು ನಲವತ್ತಕ್ಕೆ ಬಂದಾಗ ಹಂಚಿಕೊಳ್ಳುವ ದಾರಿ ನೋಡಿ. ಪೂರ್ಣಾವಧಿಯವರು ಬೇಕಾಗುವುದು ಜನರ ಸಂಖ್ಯೆಯಿಂದಲ್ಲ, ಮಾಹಿತಿಯ ಸೂಕ್ಷ್ಮತೆಯಿಂದ. ಆರೋಗ್ಯ, ಮಕ್ಕಳು, ದೌರ್ಜನ್ಯಕ್ಕೆ ಒಳಗಾದವರ ವಿವರ ಇಟ್ಟುಕೊಂಡಿರುವ ಇಪ್ಪತ್ತು ಜನರ ಸಂಸ್ಥೆಗೂ ಅಂಥವರು ಬೇಕಾಗಬಹುದು.

ಇದು ಆಡಳಿತ ಮಂಡಳಿಗೂ ಅರ್ಥವಾಗಬೇಕಾದ ವಿಷಯ. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಸರ್ವರ್‌ಗಳಿಗೆ ಕನ್ನ ಬಿದ್ದದ್ದು 2022ರ ಜನವರಿಯಲ್ಲಿ ಪತ್ತೆಯಾಯಿತು. ಯುದ್ಧ, ವಲಸೆ, ವಿಪತ್ತುಗಳಲ್ಲಿ ಮನೆಯವರಿಂದ ಬೇರೆಯಾದವರೂ ಸೇರಿ 5,15,000ಕ್ಕೂ ಹೆಚ್ಚು ಜನರ ವಿವರ ಅಲ್ಲಿತ್ತು. ಒಳನುಗ್ಗಿದವರು ಹಿಂದಿನ ನವೆಂಬರ್‌ನಿಂದಲೇ ಒಳಗಿದ್ದರು. ಸಮಯಕ್ಕೆ ಸರಿಯಾಗಿ ಹಾಕದ ಒಂದು ಪ್ಯಾಚ್ (ಸಾಫ್ಟ್‌ವೇರ್‌ನ ಲೋಪ ಮುಚ್ಚುವ ತಿದ್ದುಪಡಿ) ಅವರಿಗೆ ಬಾಗಿಲಾಗಿತ್ತು ಅಂತ ಸಮಿತಿಯೇ ಬಹಿರಂಗವಾಗಿ ಹೇಳಿಕೊಂಡಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದ ಮೇಲೆ, "ನಮ್ಮಂಥ ಸಣ್ಣವರನ್ನು ಯಾರು ಕೇಳುತ್ತಾರೆ" ಅನ್ನುವ ಮಂಡಳಿ ಸದಸ್ಯರಿಗೆ ಈ ಕಥೆ ಹೇಳಿ ನೋಡಿ.

ದಾನಿಗಳ ಆ್ಯಪ್‌ಗಳು

ಹೋಲಿಕೆ ಮಾಡುವಾಗ ಎಲ್ಲರೂ ಮರೆಯುವ ವಿಷಯ ಇದು. ಪ್ರತಿ ಅನುದಾನದ ಜೊತೆಗೂ ಒಂದು ಆ್ಯಪ್ ಬರುತ್ತದೆ. ನಮ್ಮ ಕ್ಷೇತ್ರ ಕಾರ್ಯಕರ್ತೆಯೊಬ್ಬರು ಒಂದೇ ತಾಯಿಯ ಹೆಸರು, ವಯಸ್ಸು, ಫೋನ್ ನಂಬರನ್ನು ಮೂರು ಆ್ಯಪ್‌ಗಳಲ್ಲಿ ಮೂರು ಸಲ ತುಂಬುತ್ತಿದ್ದರು. ಮೂರನೆಯದು ಹೆಸರನ್ನು ಎರಡು ಭಾಗ ಮಾಡಿ ಕೇಳುತ್ತಿತ್ತು. ಎರಡನೇ ಭಾಗವೇ ಇಲ್ಲದವರಿಗೆ ಅವರು ಒಂದು ಚುಕ್ಕಿ ಹಾಕುತ್ತಿದ್ದರು. ವರ್ಷದ ಕೊನೆಗೆ ವರದಿಯಲ್ಲಿ ನೂರಾರು ಜನರ ಮನೆತನದ ಹೆಸರು 'ಚುಕ್ಕಿ'.

ದಾನಿಗಳ ಎದುರು ಕೂತು, "ನಿಮ್ಮ ಆ್ಯಪ್ ಬೇಡ, ನಮ್ಮದರಿಂದಲೇ ನಿಮಗೆ ಬೇಕಾದ ಅಂಕಿ ಅಂಶ ತೆಗೆದುಕೊಡುತ್ತೇವೆ" ಅಂತ ಹೇಳಬೇಕಾದವರು ಯಾರು? ಕಂಪನಿ ಹೇಳುವುದಿಲ್ಲ. ಸ್ವಯಂಸೇವಕ ಆ ಸಭೆಯಲ್ಲೇ ಇರುವುದಿಲ್ಲ. ಹಂಚಿಕೊಂಡವರು ಮಂಗಳವಾರವಾಗಿದ್ದರೆ ಹೇಳಬಹುದು. ನಮ್ಮಲ್ಲಿ ಹೇಳಿದ್ದು ಲೆಕ್ಕದ ಅಕ್ಕ, ಅದೂ ಗೆರೆ ಎಳೆದ ಹಾಳೆಯನ್ನೇ ತೋರಿಸಿ. ಈ ಸಲ ಎಣಿಸಿದ್ದು ಒಂದು ಹೆಸರು ತುಂಬಲು ಹಿಡಿಯುವ ನಿಮಿಷಗಳು. ಇಬ್ಬರು ದಾನಿಗಳು ಒಪ್ಪಿದರು, ಒಬ್ಬರು ಒಪ್ಪಲಿಲ್ಲ.

ಹೊಸ ಪ್ರಸ್ತಾವ ಬರೆಯುವಾಗಲೇ ಆ ಹೊಣೆ ಹೊತ್ತವರ ದಿನಗಳನ್ನು ಪ್ರಾಜೆಕ್ಟ್ ಬಜೆಟ್‌ಗೆ ಸೇರಿಸಿ. 'ಆಡಳಿತ ವೆಚ್ಚ' ಅಂತ ಹಾಕಿದರೆ ದಾನಿಗಳು ಕತ್ತರಿ ಹಾಕುವುದೇ ಅಲ್ಲಿಂದ. 'ಮಾಹಿತಿ ಸಂಗ್ರಹ ಮತ್ತು ಸುರಕ್ಷತೆ, ವಾರಕ್ಕೆ ಒಂದು ದಿನ' ಅಂತ ಬರೆದರೆ ಎಷ್ಟೋ ಸಲ ಉಳಿದುಕೊಳ್ಳುತ್ತದೆ, ಸುಳ್ಳೂ ಅಲ್ಲ.

ಯಾವ ದಾರಿ ಹಿಡಿದರೂ ಮೊದಲ ವಾರದ ಕೆಲಸ ಒಂದೇ. ಒಂದು ಹಾಳೆ ತೆಗೆದುಕೊಳ್ಳಿ. ಡೊಮೇನ್, ಹೋಸ್ಟಿಂಗ್, ಇಮೇಲ್ ಅಡ್ಮಿನ್, ದಾನಿಗಳ ಡೇಟಾಬೇಸ್, ದೇಣಿಗೆ ಬರುವ ಪೇಮೆಂಟ್ ಗೇಟ್‌ವೇ, ಸೋಷಿಯಲ್ ಮೀಡಿಯಾ ಪುಟಗಳು, ಬ್ಯಾಕಪ್. ಪ್ರತಿಯೊಂದರ ಮುಂದೆ ಯಾರ ಹೆಸರಲ್ಲಿದೆ, ಯಾವ ಇಮೇಲ್‌ಗೆ ನೋಟಿಸ್ ಹೋಗುತ್ತದೆ, ಯಾವ ಕಾರ್ಡ್‌ನಿಂದ ದುಡ್ಡು ಹೋಗುತ್ತದೆ, ಯಾವಾಗ ಮುಗಿಯುತ್ತದೆ ಅಂತ ಬರೆಯಿರಿ. ಬ್ಯಾಕಪ್‌ನ ಸಾಲಿನಲ್ಲಿ ಇನ್ನೊಂದು ವಿಷಯ ಸೇರಿಸಿ: ಕೊನೆಯ ಸಲ ಅದರಿಂದ ಒಂದು ಫೈಲ್ ವಾಪಸ್ ತೆಗೆದು ನೋಡಿದ್ದು ಯಾವಾಗ? ನಮ್ಮ ಹಾಳೆಯಲ್ಲಿ ಹನ್ನೊಂದು ಸಾಲು ಇದ್ದವು. ಅದರಲ್ಲಿ ನಾಲ್ಕು, ಕೆಲಸ ಬಿಟ್ಟುಹೋದವರ ಹೆಸರಲ್ಲಿದ್ದವು.